ನಮ್ಮೂರ ಬಾಂಬರ್ಸ್

ನಮ್ಮ ಐಸ್ ಹಾಕಿ ತಂಡ ಬಾಂಬರ್ಸ್‌ನ ಆಟ ಇದ್ದ ರಾತ್ರಿ ಫ್ಲಿನ್ ಫ್ಲಾನ್‌ನಲ್ಲಿ ಬೇರೆ ಯಾವ ಕಾರ್ಯಕ್ರಮವನ್ನೂ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಮದುವೆಗೆ ದಿನ ಗೊತ್ತುಮಾಡುವವರು ಕೂಡ ಮೊದಲು ಪಂದ್ಯಗಳ ಪಟ್ಟಿ ನೋಡುತ್ತಿದ್ದರು. ಹಗಲು ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವರು ಮೈ ತೊಳೆದುಕೊಂಡು, ಎರಡು ತುತ್ತು ಉಂಡು, ಹೆಂಡತಿ ಮಕ್ಕಳ ಜೊತೆ ವಿಟ್ನಿ ಫೋರಂ ಕ್ರೀಡಾಂಗಣದ ಕಡೆ ಹೊರಡುತ್ತಿದ್ದರು. ಹೊರಗೆ ಮೈನಸ್ 30 ಡಿಗ್ರಿ. ಉಸಿರು ಬಿಟ್ಟರೆ ಮಫ್ಲರಿನ ಮೇಲೆ ಬಿಳಿಯ ಪದರ ಕಟ್ಟುತ್ತಿತ್ತು. ಊರು ಕೂತಿರುವುದೇ ಬರೀ ಬಂಡೆಯ ಮೇಲೆ. ನೆಲ ಅಗೆದು ಪೈಪು ಹೂಳುವುದು ಆಗದ ಮಾತು ಎಂದು ನೀರಿನ, ಚರಂಡಿಯ ಪೈಪುಗಳನ್ನು ನೆಲದ ಮೇಲೆಯೇ ಮರದ ಪೆಟ್ಟಿಗೆಗಳೊಳಗೆ ಹಾಯಿಸಿದ್ದರು. ಆ ಪೆಟ್ಟಿಗೆಗಳ ಹಲಗೆಯೇ ನಮಗೆಲ್ಲ ಕಾಲುದಾರಿ. ಆಟದ ರಾತ್ರಿ ಆ ಹಲಗೆಗಳ ಮೇಲೆ ಬೂಟುಗಳ ಸದ್ದು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಕೇಳುತ್ತಿತ್ತು. ಕಿಟಕಿಯ ಪರದೆ ಸರಿಸಿ ನೋಡುವ ಅಗತ್ಯವೇ ಇರಲಿಲ್ಲ. ಹೊರಡುವ ಹೊತ್ತಾಯಿತು ಎಂದು ಆ ಸದ್ದೇ ಹೇಳುತ್ತಿತ್ತು.

ಫ್ಲಿನ್ ಫ್ಲಾನ್ ಇರುವುದು ಕೆನಡಾದಲ್ಲಿ, ಮ್ಯಾನಿಟೋಬ ಮತ್ತು ಸಸ್ಕ್ಯಾಚುವಾನ್ ಪ್ರಾಂತ್ಯಗಳ ಗಡಿಯ ಮೇಲೆ. ವಿನ್ನಿಪೆಗ್‌ನಿಂದ ಉತ್ತರಕ್ಕೆ ಸುಮಾರು 750 ಕಿ.ಮೀ. ದೂರ. ಹಳೆಯ ಅಗ್ಗದ ಕಾದಂಬರಿಯೊಂದರ ನಾಯಕನ ಹೆಸರನ್ನು ಊರಿಗೆ ಇಟ್ಟಿದ್ದಾರೆ. ಊರ ಬಾಗಿಲಲ್ಲೇ ಆ ನಾಯಕನ ದೊಡ್ಡ ಗೊಂಬೆ ನಿಂತಿದೆ. ಅಮೆರಿಕದ ವ್ಯಂಗ್ಯಚಿತ್ರಕಾರ ಆಲ್ ಕ್ಯಾಪ್ ಅದರ ವಿನ್ಯಾಸ ಮಾಡಿದವರು. ಇಲ್ಲಿ ಅದಿರು ಇರುವುದು ಹೊರಲೋಕಕ್ಕೆ ಗೊತ್ತಾದದ್ದು 1915ರ ಸುಮಾರಿಗೆ. ಡೇವಿಡ್ ಕಾಲಿನ್ಸ್ ಎಂಬ ಸ್ಥಳೀಯ ಬೇಟೆಗಾರ ತೋರಿಸಿದ ಜಾಗ ಅದು. ಹೆಸರು ಬಂದದ್ದು ಮಾತ್ರ ಗಣಿ ಹುಡುಕಿಕೊಂಡು ಬಂದಿದ್ದ ಟಾಮ್ ಕ್ರೈಟನ್‌ಗೆ. 1927ರಲ್ಲಿ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಹುಟ್ಟಿತು, ಮರುವರ್ಷ ರೈಲು ಬಂತು, 1930ರಲ್ಲಿ ಕುಲುಮೆಗಳು ಉರಿಯತೊಡಗಿದವು. ತಾಮ್ರ ಮತ್ತು ಸತು, ಜೊತೆಗೆ ಒಂದಿಷ್ಟು ಚಿನ್ನ ಬೆಳ್ಳಿ. ರೈಲು, ಕುಲುಮೆ, ಹಾಕಿ ಮೂರೂ ಒಂದೇ ಕಾಲದಲ್ಲಿ ಊರಿಗೆ ಕಾಲಿಟ್ಟವು. ಬಾಂಬರ್ಸ್ ಮೊದಲು ದೊಡ್ಡವರ ತಂಡ. 1948ರಿಂದ ಅದು ಜೂನಿಯರ್ ತಂಡವಾಯಿತು, ಅಂದರೆ ಇಪ್ಪತ್ತರ ಆಸುಪಾಸಿನವರೆಗಿನ ಹುಡುಗರದು.

ಕರ್ನಾಟಕದ ನಾವು ಅಲ್ಲಿಗೆ ಹೋದದ್ದೂ ಗಣಿಯ ದೆಸೆಯಿಂದಲೇ. ನಮ್ಮ ಯಜಮಾನರು ಕೆ.ಜಿ.ಎಫ್.ನಲ್ಲಿ ಅದಿರು ಪರೀಕ್ಷೆಯ ಲ್ಯಾಬಿನಲ್ಲಿದ್ದವರು. ಕೆನಡಾ 1967ರಲ್ಲಿ ವಲಸೆಗೆ ಅಂಕಗಳ ಪದ್ಧತಿ ತಂದಿತು. ಓದಿದವರಿಗೆ ಬಾಗಿಲು ತೆರೆಯಿತು ಎಂಬ ಸುದ್ದಿ ಉರಿಗಾಂ, ರಾಬರ್ಟ್‌ಸನ್‌ಪೇಟೆಯವರೆಗೂ ಬಂದಿತ್ತು. ಮರುವರ್ಷವೇ ನಾವು ಹೊರಟೆವು. ಕಂಪನಿ ಮನೆ, ಕಂಪನಿ ಆಸ್ಪತ್ರೆ, ಪಾಳಿಯ ಸೈರನ್, ನೆಲದಡಿ ಸಿಡಿಮದ್ದು ಹಾರಿದಾಗ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುವುದು, ಇವೆಲ್ಲ ನನಗೆ ಹೊಸದಾಗಿರಲಿಲ್ಲ. ಹೊಸದು ಚಳಿ, ಮತ್ತು ಆ ಹಾಕಿ.

ಕೆ.ಜಿ.ಎಫ್.ನ ಮೈದಾನದಲ್ಲಿ ಆಂಗ್ಲೋ-ಇಂಡಿಯನ್ ಹುಡುಗರು ಆಡುತ್ತಿದ್ದ ಹಾಕಿ ನೋಡಿದ್ದ ನಮಗೆ ಐಸ್ ಹಾಕಿ ಕಣ್ಣಿಗೆ ನಿಲುಕಲು ಸಮಯ ಬೇಕಾಯಿತು. ಒಂದು ಕಡೆಗೆ ಆರು ಜನ, ಗೋಲ್‌ಕೀಪರ್ ಸೇರಿ. ಚೆಂಡಿನ ಬದಲು ಗಟ್ಟಿ ರಬ್ಬರಿನ ಪಕ್. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಸರದಿ. ಕಾಲಿಗೆ ಕಟ್ಟಿದ ಅಲಗಿನ ಮೇಲೆ ಅವರು ತಿರುಗುವ ವೇಗಕ್ಕೆ, ಹಲಗೆಗೆ ಮೈ ಬಡಿಯುವ ಸದ್ದಿಗೆ ಮೊದಲ ರಾತ್ರಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಪಕ್ಕದ ಸೀಟಿನಲ್ಲಿ ನಮ್ಮ ನೆರೆಮನೆಯ ಉಕ್ರೇನ್ ಮೂಲದ ಅಜ್ಜಿ. ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿ ಚಹಾ ಬಗ್ಗಿಸಿ ಕೈಗೆ ಕೊಟ್ಟು, "ಪಕ್ ಹುಡುಕಬೇಡ ಮಗಳೇ, ಹುಡುಗರ ಭುಜ ನೋಡು, ಪಕ್ ಎಲ್ಲಿಗೆ ಹೋಗುತ್ತದೋ ಭುಜ ಹೇಳುತ್ತದೆ" ಎಂದರು. ಆಮೇಲೆ ನನಗೆ ಆಟ ಕಾಣತೊಡಗಿತು.

ಆ ತಂಡ ಅಷ್ಟು ದೂರದ ಸಣ್ಣ ಊರಿನಲ್ಲಿ ಉಳಿದದ್ದು ಹೇಗೆ ಎಂಬುದನ್ನು ಹೇಳಲೇಬೇಕು. ಊರಿನ ಜನಸಂಖ್ಯೆ ಹೆಚ್ಚೆಂದರೆ ಹತ್ತು ಸಾವಿರ ಚಿಲ್ಲರೆ. ರಿಜೈನಾ, ಎಡ್ಮಂಟನ್, ಕ್ಯಾಲ್ಗರಿಗಳಂಥ ನಗರಗಳಲ್ಲಿ ಹುಟ್ಟಿದ ಹುಡುಗ ಅಲ್ಲಿಯೇ ಆಡಿ ಬೆಳೆಯಬಹುದಿತ್ತು. ಇಲ್ಲಿಗೆ ಬರಲು ಅವನಿಗೆ ಒಂದು ಕಾರಣ ಬೇಕು. ಆ ಕಾರಣವನ್ನು ಕಂಪನಿ ಒದಗಿಸಿತು: ಆಟಗಾರರಿಗೆ ಗಣಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ದುಡಿಮೆ, ಮಧ್ಯಾಹ್ನ ಅಭ್ಯಾಸ. ಜೇಬಿನಲ್ಲಿ ಸಂಬಳ ಇರುವ ಜೂನಿಯರ್ ಆಟಗಾರ ಆಗಿನ ಕಾಲಕ್ಕೆ ಅಪರೂಪ. ಉಳಿದದ್ದನ್ನು ಊರು ನೋಡಿಕೊಂಡಿತು. ಹೊರಊರಿನ ಹುಡುಗರು ಯಾರ ಯಾರದೋ ಮನೆಯಲ್ಲಿ ಮನೆಮಕ್ಕಳಂತೆ ಇದ್ದು ಉಣ್ಣುತ್ತಿದ್ದರು.

ನಮ್ಮ ಪಕ್ಕದ ಮನೆಯ ಅಜ್ಜಿಯ ಹತ್ತಿರವೂ ಒಬ್ಬ ಹುಡುಗ ಇದ್ದ. ಸಸ್ಕ್ಯಾಚುವಾನ್‌ನ ಗೋಧಿ ಬೆಳೆಯುವ ಹಳ್ಳಿಯವನು, ಹದಿನೇಳು ವರ್ಷ. ರಕ್ಷಣೆಯ ಆಟ ಅವನದು. ಮುಂದೆ ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ಬಾಂಬರ್ಸ್ ಎಂದಾಗ ನನ್ನ ಕಣ್ಣಿಗೆ ಮೊದಲು ಬರುವುದು ಅವನೇ. ಬೆಳಿಗ್ಗೆ ಆರಕ್ಕೆ ಎದ್ದು ಅಜ್ಜಿಯ ಅಂಗಳದ ಹಿಮ ಎತ್ತಿ, ಹಾಗೆಯೇ ಬೇಲಿ ದಾಟಿ ನಮ್ಮ ಮೆಟ್ಟಿಲ ಮೇಲಿನದನ್ನೂ ಎತ್ತಿಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಕೇಳಿದವರಿಲ್ಲ, ಹೇಳಿದವರಿಲ್ಲ. ಭಾನುವಾರ ಅವನನ್ನು ಊಟಕ್ಕೆ ಕರೆಯುತ್ತಿದ್ದೆವು. ತೊಗರಿಬೇಳೆ ಅಲ್ಲಿ ಕಣ್ಣಿಗೂ ಕಾಣದು. ಹಳದಿ ಬಟಾಣಿಬೇಳೆ ಬೇಯಿಸಿ, ಅಮ್ಮ ಪಾರ್ಸೆಲ್‌ನಲ್ಲಿ ಕಳಿಸಿದ್ದ ಸಾರಿನ ಪುಡಿ ಹಾಕಿ ಸಾರು ಮಾಡುತ್ತಿದ್ದೆ. ಮೊದಲ ತುತ್ತಿಗೇ ಅವನ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು. ನೀರು ಕುಡಿದು ಮತ್ತೆ ತಟ್ಟೆ ಮುಂದೆ ಚಾಚಿದ. ಆಟದ ಮರುದಿನ ಅಜ್ಜಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಯ್ಲರ್ ಪಕ್ಕ ಅವನ ಒದ್ದೆ ಕೈಗವಸು, ಮೊಣಕಾಲಿನ ಕಾಪು, ಮೆರೂನ್ ಬಣ್ಣದ ಜೆರ್ಸಿ ಸಾಲಾಗಿ ನೇತಾಡುತ್ತಿದ್ದವು. ತೊಗಲು, ಬೆವರು, ಮುಲಾಮು ಸೇರಿದ ಆ ವಾಸನೆ ಮಹಡಿಯವರೆಗೂ ಬರುತ್ತಿತ್ತು. ಅಜ್ಜಿ ಒಂದು ದಿನಕ್ಕೂ ಮುಖ ಸಿಂಡರಿಸಿದ್ದು ನಾನು ನೋಡಿಲ್ಲ. ಜೆರ್ಸಿಯ ಹರಿದ ತೋಳನ್ನು ತಾವೇ ಹೊಲಿದುಕೊಡುತ್ತಿದ್ದರು, ಎರಡೆಳೆ ದಾರ ಹಾಕಿ.

ಊರಿನಲ್ಲಿ ಯಾರನ್ನು ಮಾತಿಗೆ ಎಳೆದರೂ 1957ರ ಕಥೆ ಬಂದೇ ಬರುತ್ತಿತ್ತು. ನಾವು ಹೋಗುವುದಕ್ಕೆ ಹನ್ನೊಂದು ವರ್ಷ ಹಿಂದಿನ ಮಾತು ಅದು; ಆದರೂ ನಾವೇ ಕಂಡಷ್ಟು ನಮಗೆ ಗೊತ್ತು. ಕೆನಡಾದ ಜೂನಿಯರ್ ತಂಡಗಳಿಗೆಲ್ಲ ಅತ್ಯುನ್ನತವಾದದ್ದು ಮೆಮೋರಿಯಲ್ ಕಪ್. ಬಾಬಿ ಕರ್ಕ್ ತರಬೇತಿಯ ಬಾಂಬರ್ಸ್ ಪಶ್ಚಿಮ ಕೆನಡಾವನ್ನು ಗೆದ್ದು ಕೊನೆಯ ಹಣಾಹಣಿಗೆ ಬಂದರು. ಎದುರಿಗೆ ಒಟ್ಟಾವದ ಕೆನೇಡಿಯನ್ಸ್. ಅದು ಮಾಂಟ್ರಿಯಲ್‌ನ ದೊಡ್ಡ ತಂಡದ ಆಸರೆಯಲ್ಲಿ ಬೆಳೆದದ್ದು. ನಡೆಸುತ್ತಿದ್ದವರು ಸ್ಯಾಮ್ ಪೊಲಾಕ್, ಆಡುತ್ತಿದ್ದವರಲ್ಲಿ ರಾಲ್ಫ್ ಬ್ಯಾಕ್‌ಸ್ಟ್ರಾಮ್‌ನಂಥವರು. ಏಳು ಪಂದ್ಯಗಳ ಸರಣಿ ಏಳನೆಯದರವರೆಗೂ ಎಳೆಯಿತು. ಟೆಡ್ ಹ್ಯಾಂಪ್ಸನ್, ಮೆಲ್ ಪಿಯರ್ಸನ್, ಪ್ಯಾಟ್ ಗಿನೆಲ್ ಮತ್ತು ಜೊತೆಗಾರರು ಕಪ್ಪನ್ನು ಗಣಿಯೂರಿಗೆ ತಂದರು. ಆ ಪಂದ್ಯಗಳ ಹೊತ್ತಿನಲ್ಲಿ ಊರಿನ ಸಿ.ಎಫ್.ಎ.ಆರ್. ರೇಡಿಯೊ ಹಾಕದ ಮನೆ ಇರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಅವರ ಗಂಡ ಆಗ ರಾತ್ರಿ ಪಾಳಿಯಲ್ಲಿ ನೆಲದಡಿ. ಸ್ಕೋರ್ ಕೆಳಗಿಳಿದದ್ದು ಗಣಿಯ ಲಿಫ್ಟಿನಲ್ಲಿ ಇಳಿದುಬಂದವರ ಬಾಯಲ್ಲಿ.

ಹ್ಯಾಂಪ್ಸನ್ ದೊಡ್ಡವರ ವೃತ್ತಿಪರ ಲೀಗಾದ ಎನ್.ಎಚ್.ಎಲ್. ಸೇರಿದರು. ಗಿನೆಲ್ ಮಾತ್ರ ಮುಂದೆ ಫ್ಲಿನ್ ಫ್ಲಾನ್‌ಗೇ ತಿರುಗಿ ಬಂದರು, ತರಬೇತುದಾರರಾಗಿ. ಅವರ ತಂಡಕ್ಕೆ ಮೆದುತನ ಎಂಬುದು ಗೊತ್ತಿರಲಿಲ್ಲ. ಎದುರಾಳಿಗಳಲ್ಲಿ 'ಫ್ಲಿನ್ ಫ್ಲಾನ್ ಜ್ವರ' ಎಂಬ ಮಾತೇ ಹುಟ್ಟಿಕೊಂಡಿತ್ತು: ಬಸ್ಸು ಉತ್ತರಕ್ಕೆ ಹೊರಡುವ ದಿನವೇ ಒಂದಿಬ್ಬರಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪುತ್ತಿತ್ತು. ಹೊಡೆದಾಟ ನನಗೆ ಎಂದೂ ಒಗ್ಗಲಿಲ್ಲ, ಈಗಲೂ ಒಪ್ಪುವುದಿಲ್ಲ. ಹದಿನೆಂಟರ ಹುಡುಗನ ಮೂಗಿನಿಂದ ರಕ್ತ ಬರುವುದನ್ನು ಜನ ಎದ್ದುನಿಂತು ಮೆಚ್ಚಿದಾಗ ನಾನು ಕೂತೇ ಇರುತ್ತಿದ್ದೆ. ಗಿನೆಲ್ ಆ ಹುಡುಗರನ್ನು ಕಾಯುತ್ತಿದ್ದ ರೀತಿಯನ್ನು ಮಾತ್ರ ಯಾರೂ ಮರೆಯಲಾರರು. ಅದಕ್ಕೆ ಸಾಕ್ಷಿ ಬಾಬಿ ಕ್ಲಾರ್ಕ್.

ಕ್ಲಾರ್ಕ್ ಊರಿನದೇ ಕೂಸು. ಅಪ್ಪ ಅದೇ ಗಣಿಯಲ್ಲಿ ದುಡಿದವರು. ಐಸ್‌ನಿಂದ ಹೊರಗೆ ಕಂಡರೆ ಕನ್ನಡಕ ಹಾಕಿದ, ಮಾತು ಕಡಿಮೆಯ, ತೆಳ್ಳನೆಯ ಹುಡುಗ. ಹದಿಹರೆಯದಲ್ಲೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಬಗೆಯದು. ಐಸ್‌ಗೆ ಇಳಿದರೆ ಮಾತ್ರ ಅವನ ಸುತ್ತಲೇ ಆಟ ಸುತ್ತುತ್ತಿತ್ತು. 1966-67ರಲ್ಲಿ ಮ್ಯಾನಿಟೋಬ ಲೀಗಿನ 45 ಪಂದ್ಯಗಳಲ್ಲಿ 71 ಗೋಲು, 112 ಅಸಿಸ್ಟ್ (ಬೇರೆಯವರ ಗೋಲಿಗೆ ನೆರವು). ಮರುವರ್ಷ ಬಾಂಬರ್ಸ್ ಪಶ್ಚಿಮ ಕೆನಡಾದ ದೊಡ್ಡ ಲೀಗಿಗೆ ಬಂದಾಗ 59 ಪಂದ್ಯಗಳಲ್ಲಿ ಗೋಲು, ಅಸಿಸ್ಟ್ ಸೇರಿ 168 ಅಂಕ. ನಾವು ಕಣ್ಣಾರೆ ಕಂಡದ್ದು ಅವನ ಕೊನೆಯ ವರ್ಷ, 1968-69. ಆಗಲೂ ಲೀಗಿಗೇ ಮೊದಲಿಗ. ಅಂಕಿಗಳಿಗಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಅವನು ಪಕ್ ಕಳೆದುಕೊಂಡಾಗ ಮಾಡುತ್ತಿದ್ದ ಕೆಲಸ. ಬೇರೆಯವರು ಒಂದು ಗಳಿಗೆ ತಲೆ ತಗ್ಗಿಸುತ್ತಾರೆ. ಇವನು ಅಷ್ಟರಲ್ಲಿ ತಿರುಗಿ, ಅರ್ಧ ಬಗ್ಗಿ, ಕಿತ್ತುಕೊಂಡವನ ಬೆನ್ನ ಹಿಂದೆ ಇರುತ್ತಿದ್ದ. ಅವನ ಸ್ಟಿಕ್ಕು ಅವನಿಗಿಂತ ಮೊದಲೇ ಅಲ್ಲಿ ತಲುಪಿರುತ್ತಿತ್ತು.

ಅವನ ಬಲಕ್ಕೆ ರೆಜ್ಜಿ ಲೀಚ್. ರಿವರ್ಟನ್ ಎಂಬ ಸಣ್ಣ ಊರಿನಿಂದ ಬಂದ ಒಜಿಬ್ವೆ ಮೂಲದ ಹುಡುಗ. ಚಿಕ್ಕಂದಿನಲ್ಲಿ ಇವರಿವರ ಸ್ಕೇಟುಗಳನ್ನು ಎರವಲು ತಂದು ಕಲಿತವನು. 1967-68ರಲ್ಲಿ 87 ಗೋಲು ಹೊಡೆದ. ಕ್ಲಾರ್ಕ್ ಪಕ್ಕನ್ನು ಮೂಲೆಯಿಂದ ಬಿಡಿಸಿ ತಳ್ಳುವುದು, ಲೀಚ್ ಅದನ್ನು ನಿಲ್ಲಿಸದೆ ಹೊಡೆಯುವುದು. ಹೊಡೆತ ಬಲೆಗೆ ತಾಗಿದ ಸದ್ದು ಕೇಳಿದ ಮೇಲೆಯೇ ನಮಗೆಲ್ಲ ಅದು ಗೋಲು ಎಂದು ಗೊತ್ತಾಗುತ್ತಿತ್ತು.

ಇಷ್ಟಾದರೂ ಕ್ಲಾರ್ಕ್‌ನನ್ನು ಎನ್.ಎಚ್.ಎಲ್. ತಂಡಗಳು ಆಯ್ದುಕೊಳ್ಳಲು ಹೆದರಿದವು. ಸಕ್ಕರೆ ಕಾಯಿಲೆಯವನು ವರ್ಷಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿ ಬಾಳುವನೇ ಎಂಬ ಸಂದೇಹ. ಗಿನೆಲ್ ಅವನನ್ನು ಅಮೆರಿಕದ ಮೇಯೋ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಮೈಯನ್ನು ಸರಿಯಾಗಿ ನೋಡಿಕೊಂಡರೆ ಆಡಲು ಅಡ್ಡಿಯಿಲ್ಲ ಎಂದು ಅಲ್ಲಿನ ವೈದ್ಯರಿಂದ ಬರೆಸಿಕೊಂಡು ಬಂದರು. ಸ್ವಂತ ಮಗನಿಗೆ ಮಾಡುವುದೂ ಇದನ್ನೇ ಅಲ್ಲವೇ? 1969ರ ಆಯ್ಕೆಯಲ್ಲಿ ಮೊದಲ ಸುತ್ತು ಪೂರ್ತಿ ಮುಗಿದರೂ ಅವನ ಹೆಸರು ಬರಲಿಲ್ಲ. ಫಿಲಡೆಲ್ಫಿಯಾ ಫ್ಲೈಯರ್ಸ್ ಕೂಡ ಮೊದಲು ಬೇರೆಯವನನ್ನು ಆರಿಸಿ, ಎರಡನೇ ಸುತ್ತಿನಲ್ಲಿ, ಹದಿನೇಳನೆಯವನಾಗಿ ಇವನನ್ನು ತೆಗೆದುಕೊಂಡಿತು. ಐದು ವರ್ಷದ ಮೇಲೆ, 1974ರಲ್ಲಿ, ಅದೇ ಹುಡುಗ ನಾಯಕನಾಗಿ ಎನ್.ಎಚ್.ಎಲ್.ನ ಸ್ಟ್ಯಾನ್ಲಿ ಕಪ್ ಎತ್ತಿದ. ಮುಂದಿನ ಹಲ್ಲುಗಳಿಲ್ಲದ ಆ ನಗು ಎಲ್ಲ ಪತ್ರಿಕೆಗಳಲ್ಲಿ ಬಂತು. ನಮ್ಮೂರಿನ 'ರಿಮೈಂಡರ್' ಪತ್ರಿಕೆಯನ್ನು ಕತ್ತರಿಸಿಟ್ಟುಕೊಳ್ಳದ ಮನೆ ಇರಲಿಲ್ಲ. 1975ರಲ್ಲಿ ಕಪ್ ಮತ್ತೆ ಬಂದಾಗ ಲೀಚ್ ಕೂಡ ಅದೇ ತಂಡದಲ್ಲಿದ್ದ. ಮರುವರ್ಷ ಫ್ಲೈಯರ್ಸ್ ಫೈನಲ್‌ನಲ್ಲಿ ಸೋತರೂ, ಪ್ಲೇಆಫ್‌ನಲ್ಲಿ 19 ಗೋಲು ಹೊಡೆದ ಲೀಚ್‌ಗೇ ಅತ್ಯುತ್ತಮ ಆಟಗಾರನ ಪ್ರಶಸ್ತಿ. ಅವರಿಬ್ಬರೂ ನಮ್ಮ ಫೋರಂನ ಐಸ್ ಮೇಲೆ ಒಬ್ಬರ ಮನಸ್ಸು ಒಬ್ಬರು ಓದುವುದನ್ನು ಕಲಿತವರು ಎಂದು ನಾವು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದೆವು.

1969 ಮತ್ತು 1970ರಲ್ಲಿ ಬಾಂಬರ್ಸ್ ಪಶ್ಚಿಮದ ಲೀಗನ್ನು ಗೆದ್ದರು. ಆದರೆ 1969ರಲ್ಲಿ ಆ ಲೀಗಿಗೂ ರಾಷ್ಟ್ರೀಯ ಸಂಸ್ಥೆಗೂ ಜಗಳವಿತ್ತು. ಹಾಗಾಗಿ ಕ್ಲಾರ್ಕ್‌ನ ತಂಡಕ್ಕೆ ಮೆಮೋರಿಯಲ್ ಕಪ್‌ಗೆ ಆಡುವ ಅವಕಾಶವೇ ಸಿಗಲಿಲ್ಲ. ಬದಲಿಗೆ ಒಂಟಾರಿಯೊದ ಸೇಂಟ್ ಥಾಮಸ್ ತಂಡದ ಜೊತೆ ಬೇರೆಯೊಂದು ಸರಣಿ ನಡೆಯಿತು, ಅದೂ ಪೂರ್ತಿಯಾಗಲಿಲ್ಲ. ಗಲಾಟೆಯಾಗಿ ಎದುರಾಳಿಗಳು ನಡುವೆಯೇ ಎದ್ದುಹೋದರು. ದೊಡ್ಡವರ ಜಗಳದಲ್ಲಿ ಹುಡುಗರ ಒಂದು ವರ್ಷ ಹೋಯಿತು. ಅದರ ಸಂಕಟ ಊರಿಗೆ ಇಂದಿಗೂ ಇದೆ, ನನಗೂ ಇದೆ.

ಈಗ 1971ರ ಮಾತು. ಆ ಜನವರಿಯಲ್ಲಿ ಗಣಿಯಲ್ಲಿ ಮುಷ್ಕರ ಶುರುವಾಯಿತು. ಬೇಸಿಗೆ ಬರುವವರೆಗೂ ಎಳೆಯಿತು. ಚಿಮಣಿಯ ಹೊಗೆ ನಿಂತಿತು. ಗಂಧಕದ ಘಾಟು ಇಲ್ಲದ ಗಾಳಿ ಊರಿಗೇ ಅಪರಿಚಿತವಾಗಿತ್ತು. ನಮ್ಮ ಯಜಮಾನರು ಲ್ಯಾಬಿನವರು, ಆಡಳಿತದ ಕಡೆ ಎಂಬ ಲೆಕ್ಕ. ಅಜ್ಜಿಯ ಮಗ ಯೂನಿಯನ್‌ನವರು. ಬೀದಿಯಲ್ಲಿ ಎದುರಾದರೆ ಇಬ್ಬರೂ ನೋಟ ತಪ್ಪಿಸುತ್ತಿದ್ದರು. ಅಂಗಡಿಗಳಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತಿತ್ತು. ಆ ಚಳಿಗಾಲದಲ್ಲೇ ಬಾಂಬರ್ಸ್‌ನ ಚಕ್ ಆರ್ನಸನ್ 79 ಗೋಲು ಹೊಡೆದು ಲೀಗಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಫೋರಂನಲ್ಲಿ ನಮ್ಮ ಸೀಟುಗಳು ವರ್ಷಗಳಿಂದ ಅಕ್ಕಪಕ್ಕ. ಮುಷ್ಕರ ಶುರುವಾದ ಮೇಲಿನ ಮೊದಲ ಆಟದ ರಾತ್ರಿ ಅಜ್ಜಿಯ ಮಗ ಬರುವರೋ ಇಲ್ಲವೋ ಎಂದು ನಾವು ನೋಡುತ್ತಿದ್ದೆವು. ಬಂದರು. ಮಾತಾಡದೆ ಕೂತರು. ಮೊದಲ ಸರದಿ ಹಾಗೆಯೇ ಕಳೆಯಿತು. ಎರಡನೆಯದರಲ್ಲಿ ಆರ್ನಸನ್ ಗೋಲು ಹೊಡೆದಾಗ ಸುತ್ತಲಿನವರೆಲ್ಲ ಎದ್ದರು, ಇವರಿಬ್ಬರೂ ಎದ್ದರು. ಕೂರುವಾಗ ಅವರು ತಮ್ಮ ಮೊಣಕಾಲ ಮೇಲಿದ್ದ ಕಂಬಳಿಯ ಒಂದು ಅಂಚನ್ನು ನಮ್ಮ ಯಜಮಾನರ ಕಡೆ ಎಳೆದು ಹೊದಿಸಿದರು. ಮುಷ್ಕರ ಮುಗಿಯುವವರೆಗೂ ಅವರಿಬ್ಬರ ನಡುವೆ ಗಣಿಯ ಮಾತು ಬರಲಿಲ್ಲ, ಹಾಕಿಯ ಮಾತು ನಿಲ್ಲಲಿಲ್ಲ. ಆ ವರ್ಷ ಫೈನಲ್‌ನಲ್ಲಿ ಎಡ್ಮಂಟನ್ ಎದುರು ಸೋತೆವು. ಸೋತು ಬಂದ ಹುಡುಗರನ್ನು ಸಂಬಳವಿಲ್ಲದೆ ಕೂತಿದ್ದ ಆ ಊರು ಪ್ರೀತಿಯಿಂದಲೇ ಬರಮಾಡಿಕೊಂಡಿತು.

ಎಪ್ಪತ್ತರ ದಶಕ ಮುಂದುವರಿದಂತೆ ಲೀಗು ಬೆಳೆಯುತ್ತ ಹೋಯಿತು. ವಿಕ್ಟೋರಿಯ, ನ್ಯೂ ವೆಸ್ಟ್‌ಮಿನ್‌ಸ್ಟರ್, ಆಮೇಲೆ ಗಡಿಯಾಚೆಯ ಪೋರ್ಟ್‌ಲ್ಯಾಂಡ್, ಸಿಯಾಟಲ್. ಕಾಡಿನ ನಡುವಿನ ನಮ್ಮೂರಿನಿಂದ ಪೆಸಿಫಿಕ್ ಕಡಲ ದಂಡೆಗೆ ಬಸ್ಸಿನಲ್ಲಿ ಹೋಗಿ ಆಡಿ ಬರಬೇಕು. ಫೋರಂ ತುಂಬಿದರೂ ಸೀಟುಗಳು ಎಷ್ಟಿದ್ದಾವು? ಟಿಕೆಟ್ಟಿನ ಹಣ ಡೀಸೆಲ್‌ಗೂ ಸಾಲದಾಯಿತು. ಗಿನೆಲ್ ಆಗಲೇ ವಿಕ್ಟೋರಿಯಕ್ಕೆ ಹೋಗಿದ್ದರು. 1974ರಲ್ಲಿ ಕಂಪನಿ 825 ಅಡಿ ಎತ್ತರದ ಹೊಸ ಚಿಮಣಿ ಕಟ್ಟಿತು, ಹೊಗೆ ನಮ್ಮ ತಲೆಯ ಮೇಲಿಂದ ದೂರ ಹೋಗತೊಡಗಿತು. ತಂಡವೂ 1978ರಲ್ಲಿ ಊರು ಬಿಟ್ಟಿತು. ಅದನ್ನು ಎಡ್ಮಂಟನ್‌ಗೆ ಸಾಗಿಸಿದರು, ಅಲ್ಲಿಂದ ಇನ್ನೆಲ್ಲಿಗೋ.

ಆ ಬೇಸಿಗೆಯಲ್ಲಿ ಊರು ಸೂತಕದ ಮನೆಯಾಗಿತ್ತು. ಆದರೆ ಅಳುತ್ತ ಕೂರುವ ಜನ ಅವರಲ್ಲ. ಹಳೆಯ ಆಟಗಾರರು, ಗಣಿಯ ಮೇಸ್ತ್ರಿಗಳು, ಶಾಲಾ ಮಾಸ್ತರರು, ಅಂಗಡಿಯವರು ಸೇರಿ ಅದೇ ಹೆಸರು, ಅದೇ ಮೆರೂನ್ ಬಣ್ಣ ಇಟ್ಟುಕೊಂಡು ಕೆಳಗಿನ ದರ್ಜೆಯಲ್ಲಿ ತಂಡ ಕಟ್ಟಿದರು. ಎನ್.ಎಚ್.ಎಲ್. ಸೇರುವ ತಾರೆಗಳು ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಕೇಕ್ ಬೇಯಿಸಿ ಮಾರಿದರು, ಲಾಟರಿ ಚೀಟಿ ಹಂಚಿದರು. ನನ್ನ ಪಾಲಿಗೆ ಬಂದದ್ದು ಬೋಂಡಾ. ಫೋರಂನ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದೆ, ತಟ್ಟೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ. ಉತ್ತರದ ಸಣ್ಣ ಲೀಗಿನಲ್ಲಿ ಆಡುತ್ತಾ ಆಡುತ್ತಾ 1984ರಲ್ಲಿ ತಂಡ ಸಸ್ಕ್ಯಾಚುವಾನ್ ಜೂನಿಯರ್ ಲೀಗಿಗೆ ಸೇರಿತು. ಒಬ್ಬ ಮಾಲೀಕನಿಲ್ಲ, ಅದು ಊರಿನ ಸ್ವತ್ತು.

ಬಾಂಬರ್ಸ್ ಚರಿತ್ರೆ ಬರೆಯುವವರು 1957ರ ಕಪ್ಪನ್ನೂ ಕ್ಲಾರ್ಕ್‌ನ ಅಂಕಗಳನ್ನೂ ಮೊದಲು ಬರೆಯುತ್ತಾರೆ, ಬರೆಯಲೇಬೇಕು. ನನ್ನನ್ನು ಕೇಳಿದರೆ ಆ ತಂಡದ ಅತಿ ದೊಡ್ಡ ಗೆಲುವು 1978ರದು. ಕಪ್ ಇಲ್ಲ, ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಇಲ್ಲ. ತಂಡ ಹೋದ ಮೇಲೆ ಇನ್ನೊಂದನ್ನು ಕಟ್ಟಿದವರ ಹೆಸರುಗಳು ಊರಿನ ಹೊರಗೆ ಯಾರಿಗೂ ಗೊತ್ತಿಲ್ಲ. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದಾಗ ಅಲ್ಲಿನ ಕ್ಲಬ್ಬುಗಳು, ಮೈದಾನಗಳು ಏನಾದವು ಎಂದು ಕಂಡಿದ್ದ ನಮಗೆ ಆ ಕೆಲಸದ ಬೆಲೆ ಚೆನ್ನಾಗಿ ಗೊತ್ತು.

ಫ್ಲಿನ್ ಫ್ಲಾನ್‌ನ ಕುಲುಮೆ 2010ರಲ್ಲಿ ಆರಿತು. ಕೊನೆಯ ಗಣಿ, '777' ಎಂಬುದು, 2022ರಲ್ಲಿ ಮುಚ್ಚಿತು. ಜನಸಂಖ್ಯೆ ಐದು ಸಾವಿರಕ್ಕೆ ಇಳಿದಿದೆ. 2025ರ ಮೇ ಕೊನೆಯಲ್ಲಿ ಕಾಡ್ಗಿಚ್ಚು ಊರಂಚಿಗೆ ಬಂದು ಎಲ್ಲರೂ ಮನೆ ಬಿಟ್ಟು ಹೊರಡಬೇಕಾಯಿತು. ಆ ಹೊತ್ತಿಗೆ ವಿನ್ನಿಪೆಗ್‌ನಲ್ಲಿ ನೆಲೆಸಿದ್ದ ನಾವು ಹಳೆಯ ನೆರೆಯವರಿಗೆಲ್ಲ ಫೋನು ಮಾಡಿ ಮಾಡಿ ವಿಚಾರಿಸಿದೆವು. ಊರು ಉಳಿಯಿತು, ಜನ ವಾಪಸಾದರು. ಬಾಂಬರ್ಸ್ ಇಂದಿಗೂ ವಿಟ್ನಿ ಫೋರಂನಲ್ಲೇ ಆಡುತ್ತಾರೆ. ಹೊರಊರಿನ ಹುಡುಗರು ಇಂದಿಗೂ ಊರವರ ಮನೆಗಳಲ್ಲೇ ಉಳಿಯುತ್ತಾರೆ. ಮಕ್ಕಳು ಕೆನಡಾದಲ್ಲಿರುವ ಓದುಗರು ಚಳಿಗಾಲದಲ್ಲಿ ಆ ಕಡೆ ಹೋಗುವುದಾದರೆ ಒಂದು ರಾತ್ರಿ ಅಲ್ಲಿ ತಂಗಿ ಪಂದ್ಯ ನೋಡಿ ಬನ್ನಿ. ಟಿಕೆಟ್ಟಿನ ಹಣ ಊರಿನ ಆ ತಂಡಕ್ಕೇ ಹೋಗುತ್ತದೆ.